ಅಕ್ಕೋರು ಕಣ್ಣು ತೆರೆದು ಹಾಡಿದ ಭಾನುವಾರ

ಹೋದ ಭಾನುವಾರದಿಂದ ಗಂಟಲು ಕಟ್ಟಿದೆ. ಮಾತ್ರೆ ನುಂಗಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ನಿನ್ನೆ ಸಂಜೆ ನಮ್ಮ ಮನೆಯವರು ಪೇಟೆಯಿಂದ ಬರುವಾಗ ಕಾಗದದ ಪೊಟ್ಟಣದಲ್ಲಿ ಜ್ಯೇಷ್ಠಮಧುವಿನ ಕಡ್ಡಿ ಕಟ್ಟಿಸಿಕೊಂಡು ಬಂದರು. ಪೊಟ್ಟಣ ಬಿಚ್ಚಿದ್ದೇ ತಡ, ಆ ವಾಸನೆ... ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಮಣ್ಣಿನದೂ ಅಲ್ಲ. ಕಡ್ಡಿಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡು ಕುಳಿತೆ.

"ಯಾಕ, ಏನಾತು?" ಅಂದರು ಅವರು.

"ಅಕ್ಕೋರು ಬಂದು ಬಾಜೂಕ ಕುಂತಂಗಾತ್ರಿ" ಅಂದೆ. ಅವರು ಒಳಗೆ ಹೋದರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ನಮ್ಮ ಕಡೆ ಅಕ್ಕೋರು ಎಂದೇ ಕರೆಯುತ್ತಾರೆ. ನಮ್ಮ ಓಣಿಯಲ್ಲಿ ಅಂಥವರು ಇನ್ನೂ ಇಬ್ಬರು ಮೂವರಿದ್ದಾರೆ. ಆದರೆ ನಮ್ಮ ಗುಡ್ಡದಲ್ಲಿ ಬರೀ 'ಅಕ್ಕೋರು' ಎಂದರೆ ಅದು ನಮ್ಮ ಪಕ್ಕದ ಮನೆಯ ಹಾಡಿನ ಅಕ್ಕೋರು ಮಾತ್ರ. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಮದುವೆಯಾದವರಲ್ಲ. ಸೆರಗಿನ ತುದಿಯಲ್ಲಿ ಸದಾ ಒಂದು ತುಂಡು ಜ್ಯೇಷ್ಠಮಧು ಗಂಟು ಹಾಕಿಕೊಂಡಿರುತ್ತಿದ್ದರು. ಅವರು ಬಂದು ಹೋದ ಮೇಲೂ ನಮ್ಮ ಪಡಸಾಲೆಯಲ್ಲಿ ಆ ವಾಸನೆ ನಿಂತಿರುತ್ತಿತ್ತು.

ಧಾರವಾಡದ ಕೆಲಗೇರಿ ಕೆರೆ ದಾಟಿ ರಸ್ತೆ ಎಡಕ್ಕೆ ಹೊರಳಿ ಏರತೊಡಗುವಲ್ಲಿ ನಮ್ಮ ಕಾಲೊನಿ. ಘಟ್ಟದ ಕಡೆಯವರು ನೋಡಿದರೆ ಇದನ್ನು ಗುಡ್ಡ ಎನ್ನುವುದಕ್ಕೆ ನಕ್ಕಾರು. ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ಏರಿ ಬಂದವರು ನಗುವುದಿಲ್ಲ. ಆಟೋದವರು ಕೆಳಗಿನ ತಿರುವಿನಲ್ಲೇ "ಇಲ್ಲೇ ಇಳೀರಿ" ಎಂದುಬಿಡುತ್ತಾರೆ. ಇಳಿದು ಹತ್ತುವ ಉಸಾಬರಿ ಬೇಡವೆಂದೋ ಏನೋ, ರಜೆಯ ದಿನ ನಮ್ಮವರು ಊರೊಳಗೆ ಹೋಗುತ್ತಿರಲಿಲ್ಲ. ಬೇಕಾದದ್ದನ್ನೆಲ್ಲ ಗುಡ್ಡದ ಮೇಲೆಯೇ ಮಾಡಿಕೊಂಡಿದ್ದೆವು.

ಭಾನುವಾರ ಬೆಳಿಗ್ಗೆ ನೀರಿನ ಟಾಕಿಯ ಕಟ್ಟೆಯ ಮೇಲೆ ಯೋಗ. ಅದು ಮುಗಿದ ಮೇಲೆ ನಿವೃತ್ತ ಸಿಸ್ಟರೊಬ್ಬರು ಕುರ್ಚಿ ಹಾಕಿಕೊಂಡು ಬೀಪಿ ನೋಡುತ್ತಿದ್ದರು. ಹಿಂದಿನ ದಿನ ಮಿರ್ಚಿ ಭಜಿ ಹೊಡೆದವರು ಆ ಕುರ್ಚಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳಿಗೆ ಚಿತ್ರ ಬರೆಸುವುದು. ಸಂಜೆ ತಗಡಿನ ಛಾವಣಿಯ ಸಭಾಂಗಣದಲ್ಲಿ ಜಮಖಾನೆ ಹಾಸಿ ಹಾಡಿನ ಬೈಠಕ್, ಆಮೇಲೆ ಚುರುಮುರಿ ಸೂಸಲಾ, ಚಹಾ. ಇಷ್ಟಕ್ಕೆಲ್ಲ ಕೀಲಿ ಕೊಡುತ್ತಿದ್ದವರು ಅಕ್ಕೋರು. ಯೋಗದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಓಂಕಾರ ಹೇಳುವಾಗಲೂ ಅವರ ಕಿವಿಗೆ ರಜೆ ಇರುತ್ತಿರಲಿಲ್ಲ. "ಎಡಗಡೆ ಹಿಂದಿನ ಸಾಲಿನ್ಯಾಗ ಯಾರೋ ಸ್ವರದಾಗ ಇಳ್ಯಾಕತ್ತೀರಿ, ಸ್ವಲ್ಪ ಮ್ಯಾಲ ಬರ್ರಿ" ಎನ್ನುತ್ತಿದ್ದರು. ಓಂಕಾರಕ್ಕೂ ತಪ್ಪು ಹುಡುಕುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಈ ಗುಡ್ಡಕ್ಕೆ ಬಂದ ಹೊಸತರಲ್ಲಿ ಹಾಡು ಕಲಿಯುತ್ತೇನೆಂದು ಉಮೇದಿನಿಂದ ಅವರ ಮುಂದೆ ಕುಳಿತಿದ್ದೆ. ಒಂದು 'ಸಾ' ಹಾಡಿಸಿದರು. ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದು ನನ್ನ ತಲೆಯ ಮೇಲೆ ಕೈಯಿಟ್ಟು, "ನೀ ಕೇಳಾಕ ಬಾರವಾ, ಹಾಡಾಕ ಬ್ಯಾಡ. ಕೇಳವ್ರೂ ಬೇಕಲ್ಲ?" ಅಂದರು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅಂದಿನಿಂದ ಕೊನೆಯ ಸಾಲು ಮತ್ತು ಚಹಾದ ಕೆಟಲ್ ನನ್ನ ಪಾಲಿಗೆ ಬಂದವು.

ಆ ಬೈಠಕ್ಕಿಗೆ ಅಕ್ಕೋರದೇ ಒಂದು ಕಟ್ಟಳೆ ಇತ್ತು. ಹಾಡು ಮುಗಿದಾಗ ಚಪ್ಪಾಳೆ ಹೊಡೆಯಬಾರದು. ಧಾರವಾಡದ ಹಳೆಯ ಕೇಳುಗರು ಹಾಗೆ ಹೊಡೆಯುವವರೂ ಅಲ್ಲ. ಹಾಡು ಚೆನ್ನಾಗಿ ಆಗಿದ್ದರೆ ಕುಳಿತವರು ಕುಳಿತಂತೆಯೇ ಇರುತ್ತಾರೆ, ಯಾರೋ ಒಬ್ಬರು ದೀರ್ಘವಾಗಿ ಉಸಿರು ಬಿಡುತ್ತಾರೆ, ಅಷ್ಟೇ. ಹೊಸಬರು ಅಪ್ಪಿತಪ್ಪಿ ಕೈ ತಟ್ಟಿದರೆ ಅಕ್ಕೋರು, "ಹಾಡು ಒಳಗ ಇಳದಿದ್ರ ಕೈ ಹೆಂಗ ಏಳ್ತಾವು? ಚಪ್ಪಾಳಿ ಭಾಷಣಾ ಮಾಡಾವ್ರಿಗೆ ಇಟ್ಕೋರಿ" ಎಂದು ಮೂಗು ಮುರಿಯುತ್ತಿದ್ದರು.

ಅವರಿಗೆ ಪೇಟಿ ನುಡಿಸುತ್ತಿದ್ದವರು ಚಾಚಾ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎನ್ನುತ್ತೇವೆ. ಚಾಚಾಗೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಟೈರಿನ ಅಂಗಡಿ. ಭಾನುವಾರ ಅಂಗಡಿ ಮುಚ್ಚಿ, ಪೇಟಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ರಾಯಾಪುರದ ಟ್ರಾಫಿಕ್ಕಿಗೆ ಬೈಯುತ್ತ ಬರುತ್ತಿದ್ದರು. ಹರೆಯದಲ್ಲಿ ಇಬ್ಬರೂ ಒಬ್ಬರೇ ಗುರುಗಳ ಹತ್ತಿರ ಕಲಿತವರಂತೆ. ಅಕ್ಕೋರು ಅವರನ್ನು ಭಾಯಿ ಎನ್ನುತ್ತಿದ್ದರು. ಯಾವ ಪದ ಮೊದಲು, ಯಾವುದು ಆಮೇಲೆ ಎಂದು ಇಬ್ಬರೂ ಪ್ರತಿ ವಾರ ಜಗಳಾಡುತ್ತಿದ್ದರು. ಜಗಳ ಮುಗಿದ ಮೇಲೆ ಅಕ್ಕೋರು ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ಮುಚ್ಚಿದರೆ ಹಾಡು ಮುಗಿಯುವವರೆಗೆ ತೆರೆಯುತ್ತಿರಲಿಲ್ಲ.

ಇನ್ನು ನಾನು ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಅಕ್ಕೋರ ಮನೆಯ ಕುಕ್ಕರ್ ಕೂಗಿ ಕೂಗಿ ಸುಸ್ತಾಗತೊಡಗಿದ್ದು ಯಾವಾಗ ಎಂದು ಸರಿಯಾಗಿ ನೆನಪಿಲ್ಲ. ಗೋಡೆಯಾಚೆಯಿಂದ ನಾನೇ "ಅಕ್ಕೋರ, ಗ್ಯಾಸ್ ಬಂದ್ ಮಾಡ್ರಿ" ಎಂದು ಒದರುತ್ತಿದ್ದೆ. ಗಂಟೆ ಒತ್ತಿದರೆ ಬಾಗಿಲು ತೆರೆಯುತ್ತಿರಲಿಲ್ಲ. "ಈಗಿನ ಮಂದಿ ಬಾಯಾಗ ಬಾಯಾಗ ಮಾತಾಡ್ತಾರ" ಎಂದು ಎಲ್ಲರ ಮೇಲೂ ರೇಗುತ್ತಿದ್ದರು. ತಂಬೂರಿಯ ನಾದ ಹೊರಡಿಸುವ ಕರೆಂಟಿನ ಡಬ್ಬಿಯೊಂದು ಅವರ ಹತ್ತಿರ ಇತ್ತು. ಅದರ ದನಿ ಸಣ್ಣಗಾಗಿದೆ ಎಂದು ಎರಡು ಸಲ ರಿಪೇರಿಗೆ ಕಳಿಸಿದರು. ರಿಪೇರಿಯವನು ಡಬ್ಬಿ ಸರಿಯಾಗಿಯೇ ಇದೆ ಎಂದದ್ದಕ್ಕೆ ಅವನಿಗೂ ಬೈಗುಳ ಬಿತ್ತು.

ಕಿವಿಯ ಡಾಕ್ಟರ ಹತ್ತಿರ ಹೋಗಿ ಬರೋಣ ಎಂದು ನಾನು ಒಮ್ಮೆ ಬಾಯಿ ತೆರೆದೆ. ಅವರು ಸೆರಗಿನ ಗಂಟು ಬಿಚ್ಚಿ ಜ್ಯೇಷ್ಠಮಧು ಬಾಯಿಗೆ ಹಾಕಿಕೊಂಡರು. ಮುಖ ಕೆಂಪಾಗಿತ್ತು.

"ನನ್ನ ಕಿವಿಗೆ ಏನರೆ ಆಗಿದ್ರ ಮೊದಲ ತಿಳಿಯೂದು ಭಾಯಿಗೆ. ಅಂವಾ ಏನರೆ ಅಂದಾನ? ಸ್ವರಾ ಎಳ್ಳಷ್ಟು ಅತ್ತಿತ್ತ ಆದ್ರೂ ಪೇಟಿ ಚಾಡಿ ಹೇಳ್ತೈತಿ. ಡಾಕ್ಟರ್ ಏನ್ ಹೇಳ್ತಾನ ನನಗ?"

ಪೇಟಿಯ ಮನೆಗಳು, ಅಂದರೆ ಬೆರಳಿಡುವ ಕರಿ ಬಿಳಿ ಪಟ್ಟಿಗಳು, ಇದ್ದಲ್ಲೇ ಇರುತ್ತವೆ, ಜಾರುವುದು ಮನುಷ್ಯರ ಕಂಠ, ಜಾರಿದರೆ ಪೇಟಿಗೂ ಕಂಠಕ್ಕೂ ತಾಳೆಯಾಗದೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕ. ನನಗೂ ಅದು ಸರಿಯೆನ್ನಿಸಿತು. ಪ್ರತಿ ಭಾನುವಾರ ಹಾಡು ಹಾಲು ಸಕ್ಕರೆಯಂತೆ ಪೇಟಿಯೊಡನೆ ಕೂಡಿಕೊಂಡೇ ಹೋಗುತ್ತಿತ್ತಲ್ಲ! ಚಾಚಾ ನಡುನಡುವೆ ಎಡಗೈ ಚಾಚಿ ತಂಬೂರಿ ಡಬ್ಬಿಯ ಗುಂಡಿ ತಿರುವುವುದನ್ನು ನೋಡುತ್ತಿದ್ದೆ. ದನಿ ಜಾಸ್ತಿ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಆ ವರ್ಷ ಅಕ್ಕೋರ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಒಂದು ಭಾನುವಾರ ಗುಡ್ಡಕ್ಕೆ ಬರುತ್ತೇವೆ ಎಂದರು. ತಾವೇ ಹಾರ ಶಾಲು ತರುತ್ತೇವೆ, ಅಕ್ಕೋರು ಮಾತ್ರ ಮನಸ್ಸು ಬಿಚ್ಚಿ ಹಾಡಬೇಕು ಎಂದರು. ಅಕ್ಕೋರು ವಾರವಿಡೀ ಖಾರ ಬಿಟ್ಟರು, ಮಜ್ಜಿಗೆ ಬಿಟ್ಟರು. ಅವರಿಗಿದ್ದ ಆಸೆ ಅದೊಂದೇ. ತಾವು ಕಲಿಸಿದ ಹುಡುಗಿಯರ ಮುಂದೆ ಒಮ್ಮೆ ತಮ್ಮ ಮನಸ್ಸಿಗೆ ಒಪ್ಪುವಂತೆ ಹಾಡಬೇಕು.

ಅಂದು ಬೆಳಿಗ್ಗೆ ಚಾಚಾರ ಫೋನ್ ಬಂತು. ಮಗಳಿಗೆ ಹೆರಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಫೋನಿನ ಮಾತು ಅಕ್ಕೋರಿಗೆ ಕೇಳುತ್ತಿರಲಿಲ್ಲವಾದ್ದರಿಂದ ಸ್ಪೀಕರಿಗೆ ಹಾಕಿ ನಾನೇ ಹಿಡಿದುಕೊಂಡಿದ್ದೆ.

"ಮುಂದಿನ ರವಿವಾರ ಇಟ್ಕೋಳ್ರಿ ಅಕ್ಕೋರ. ನಾ ಬೇಡ್ಕೋತೇನಿ" ಅಂದರು ಚಾಚಾ.

ಅದನ್ನು ನಾನು ಅಕ್ಕೋರ ಕಿವಿಯ ಹತ್ತಿರ ಜೋರಾಗಿ ಹೇಳಿದೆ. "ಹುಡುಗ್ಯಾರು ಎಲ್ಲೆಲ್ಲಿಂದೋ ಬರಾಕತ್ತಾರ. ಮಗಳ ಕಡೆ ಲಕ್ಷ್ಯ ಇಡು ಅನ್ನು ಭಾಯಿಗೆ. ಪೇಟಿ ಯಾರರೆ ನುಡಸ್ತಾರ" ಎಂದು ಅವರು ಸೀರೆ ಆರಿಸಲು ಒಳಗೆ ಹೋದರು.

ಅಕ್ಕೋರು ಒಳಗೆ ಹೋದರೇ ಎಂದು ಚಾಚಾ ಕೇಳಿದರು. ಆಮೇಲೆ ದನಿ ತಗ್ಗಿಸಿ, "ತಂಗಿ, ಹೆಂಗರೆ ಮಾಡಿ ಇವತ್ತ ನಿಲ್ಲಸವಾ" ಅಂದರು. ಯಾಕೆ ಎಂದು ಕೇಳಿದೆ. "ನಿಲ್ಲಸವಾ" ಎಂದೇ ಮತ್ತೆ ಅಂದರು. ಮಗಳ ಚಿಂತೆಯಲ್ಲಿ ಏನೋ ಮಾತಾಡುತ್ತಿದ್ದಾರೆ ಎಂದುಕೊಂಡು ಫೋನ್ ಇಟ್ಟೆ.

ಹುಬ್ಬಳ್ಳಿಯಿಂದ ಒಬ್ಬ ಸಂಗೀತದ ಮಾಸ್ತರರು ಪೇಟಿಗೆ ಬಂದರು. ಒಳ್ಳೆಯ ಕೈ, ಒಳ್ಳೆಯ ಮನುಷ್ಯ. ಅವರದೇನೂ ತಪ್ಪಿಲ್ಲ. ಅಕ್ಕೋರು ಬಿಸ್ಕಿಟ್ ಬಣ್ಣದ ಇಳಕಲ್ ಸೀರೆ ಉಟ್ಟು, ಹಾರ ತೆಗೆದು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿದರು. ಮೊದಲಿಗೆ ಎಲ್ಲ ಸರಿ ಇತ್ತು. ಆಮೇಲೆ... ಹೇಗೆ ಹೇಳಲಿ? ಸ್ವರಜ್ಞಾನವೇ ಇಲ್ಲದ ನನಗೂ ಹಲ್ಲು ಜುಮ್ಮೆಂದಿತು. ಪೇಟಿ ಒಂದು ಕಡೆ, ಅಕ್ಕೋರು ಇನ್ನೊಂದು ಕಡೆ. ಮಾಸ್ತರರು ಗಾಬರಿಯಾಗಿ ಒಂದು ಕ್ಷಣ ನಿಲ್ಲಿಸಿದರು, ಮತ್ತೆ ಅದೇ ಮನೆಯನ್ನು ಒತ್ತಿ ಒತ್ತಿ ನುಡಿಸಿ ಅಕ್ಕೋರನ್ನು ಕರೆದರು. ಅಕ್ಕೋರು ಬರಲಿಲ್ಲ. ಅವರ ಮುಖದಲ್ಲಿ ನಾನು ಎಂದೂ ನೋಡದ ಸುಖವಿತ್ತು. ಹುಡುಗಿಯರು, ಈಗ ಅವರೂ ತಲೆ ಬೆಳ್ಳಗಾದವರೇ, ಒಬ್ಬೊಬ್ಬರಾಗಿ ತಲೆ ಬಗ್ಗಿಸಿದರು. ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಾಡು ಮುಗಿಯಿತು. ಇಡೀ ಸಭಾಂಗಣ ಚಪ್ಪಾಳೆ ಹೊಡೆಯಿತು. ಚಪ್ಪಾಳೆ ಹೊಡೆಯಬಾರದೆಂದು ಗೊತ್ತಿದ್ದ ಗುಡ್ಡದವರೂ ಹೊಡೆದರು. ತಗಡಿನ ಛಾವಣಿ ಗುಡುಗಿತು. ಪ್ರೀತಿ, ಮರ್ಯಾದೆ, ಸಂಕಟ ಎಲ್ಲ ಸೇರಿ ಹೊಡೆದದ್ದು ಅದು. ಹಿರಿಯರನ್ನು ನಾಲ್ಕು ಜನರ ಮುಂದೆ ನೋಯಿಸಬಾರದು ಎಂಬ ನಮ್ಮ ಮಂದಿಯ ಗುಣವೇ ಹಾಗೆ. ಅಕ್ಕೋರು ಕಣ್ಣು ತೆರೆದರು. ತಟ್ಟುತ್ತಿದ್ದ ಕೈಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರ ಮುಖದ ಮೇಲಿದ್ದ ನಗು ಹಾಗೇ ಇತ್ತು, ಆದರೆ ಅದರೊಳಗಿನ ಜೀವ ಹೋಗಿತ್ತು.

ಎಲ್ಲರೂ ಇಳಿದು ಹೋದ ಮೇಲೆ ಅಕ್ಕೋರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು.

"ನಿನಗ ಹಾಡು ತಿಳಿಯಂಗಿಲ್ಲ. ಅದಕ್ಕ ನಿನ್ನ ಕೇಳಾಕತ್ತೇನಿ" ಅಂದರು. "ಹಾಡಿನ ಸುದ್ದಿ ಬಿಡು. ನಾ ಹಾಡಾಗ ಅವ್ರ ಮಾರಿ ಹೆಂಗಿದ್ದವು, ಅದನ್ನಷ್ಟ ಹೇಳು."

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ತೆಳಗ ನೋಡಾಕತ್ತಿದ್ರು ಅಕ್ಕೋರ" ಅಂದೆ.

"ಎಲ್ಲಾರೂ?"

"ಎಲ್ಲಾರೂ."

"ಹಂ" ಅಂದರು. ಎದ್ದು ಮನೆಗೆ ಹೋದರು. ಅಂದು ಅವರ ಮನೆಯ ಕುಕ್ಕರ್ ಕೂಗಲಿಲ್ಲ.

ಮುಂದಿನ ಭಾನುವಾರ ಚಾಚಾ ಪೇಢೆಯ ಡಬ್ಬಿಯೊಂದಿಗೆ ಬಂದರು. ಮೊಮ್ಮಗಳು ಹುಟ್ಟಿದ್ದಳು. ಅಕ್ಕೋರು ಪೇಢೆ ತಿಂದರು, ಮಗುವಿನ ಬಣ್ಣ ಕೇಳಿದರು, ಮಗಳ ಆರೋಗ್ಯ ಕೇಳಿದರು. ಸಂಜೆ ಎಂದಿನಂತೆ ಬೈಠಕ್. ಎಂದಿನಂತೆ ಜಗಳ ಮಾತ್ರ ಆಗಲಿಲ್ಲ. ಅಕ್ಕೋರು ಒಂದು ವಚನ ಎತ್ತಿಕೊಂಡರು. ಕಣ್ಣು ಮುಚ್ಚಲಿಲ್ಲ.

ಚಾಚಾ ಅದನ್ನು ಮೊದಲು ಗಮನಿಸಲಿಲ್ಲ. ಅವರ ಲಕ್ಷ್ಯವೆಲ್ಲ ಅಕ್ಕೋರ ಕಂಠದ ಮೇಲೆ. ಅಕ್ಕೋರ ಲಕ್ಷ್ಯವೆಲ್ಲ ಚಾಚಾರ ಬೆರಳ ಮೇಲೆ, ಅವರನ್ನು ಕಂಡು ನಾನೂ ಅತ್ತಲೇ ನೋಡಿದೆ. ಎರಡನೆಯ ಸಾಲಿಗೆ ಬಂದಾಗ ಚಾಚಾರ ಎಡಗೈ ತಂಬೂರಿ ಡಬ್ಬಿಯ ಗುಂಡಿಗೆ ಹೋಯಿತು, ಕಂಠಕ್ಕೆ ತಾಳೆಯಾಗದ ಅದರ ದನಿಯನ್ನು ಅಡಗಿಸಿತು. ಬಲಗೈ, ಯಾರಿಗೂ ತಿಳಿಯದಂತೆ, ಕರಿ ಮನೆಯಿಂದ ಪಕ್ಕದ ಬಿಳಿ ಮನೆಗೆ ಇಳಿಯಿತು. ಅಕ್ಕೋರ ಕಂಠ ಜಾರಿದ ಹಾಗೆಲ್ಲ ಪೇಟಿಯೂ ಅವರ ಹಿಂದೆಯೇ ಜಾರಿ, ಅವರನ್ನು ಬೀಳಗೊಡದೆ ಹಿಡಿದುಕೊಳ್ಳುತ್ತಿತ್ತು.

ಅಕ್ಕೋರು ಹಾಡುವುದನ್ನು ನಿಲ್ಲಿಸಿದರು. ಚಾಚಾ ತಲೆಯೆತ್ತಿ ನೋಡಿ, ಅವರ ಕಣ್ಣು ತೆರೆದಿರುವುದನ್ನು ಕಂಡರು.

"ಎಷ್ಟು ದಿವಸಾ ಆತು ಭಾಯಿ?"

"ಭಾಳ ದಿವಸಾ ಆತ್ರಿ ಅಕ್ಕೋರ."

"ಒಂದು ಮಾತು ಹೇಳಬೇಕಿಲ್ಲ?"

ಚಾಚಾ ಪೇಟಿಯ ಗಾಳಿ ಊದುವ ಭಾತೆಯನ್ನು ಮುಚ್ಚಿದರು. "ಹೇಳಿದ್ರ ನೀವು ಹಾಡೂದು ಬಿಡ್ತಿದ್ರಿ" ಅಂದರು.

ಅಕ್ಕೋರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು. ಜಮಖಾನೆಯ ಮೇಲೆ ಕೈಯೂರಿ ಎದ್ದು, "ಪೇಟಿ ಮನೀಗೆ ಒಯ್ಯಿ" ಎಂದಷ್ಟೇ ಹೇಳಿ ಹೊರಟರು. ಸೂಸಲಾ ಹಾಗೇ ಆರಿತು.

ಆಮೇಲೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತಾವಾಗಿ ಬಂದರು. ಇನ್ನೂ ಮೊದಲೇ ಬಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ ಎಂದರು ಡಾಕ್ಟರು. ಅದನ್ನು ನಾನು ಚಾಚಾಗೆ ಹೇಳಬಾರದಿತ್ತೋ ಏನೋ, ಆದರೆ ಹೇಳಿದೆ. ನನಗೆ ಅವರ ಮೇಲೆ ಸಿಟ್ಟಿತ್ತು. ಸಭಾಂಗಣದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು ಚಾಚಾ. "ನಾ ಅವ್ರನ್ನ ಹಿಡ್ಕೊಂಡೇನಿ ಅಂತ ತಿಳ್ಕೊಂಡಿದ್ನೆವಾ" ಅಂದರು. ಆಗ ನನ್ನ ಸಿಟ್ಟು ಹೋಯಿತು. ಹೋದ ಜಾಗದಲ್ಲಿ ಬಂದು ಕುಳಿತದ್ದು ಇನ್ನೂ ಎದ್ದಿಲ್ಲ. ಹೇಳಿದ್ದರೆ ಅವರ ಹಾಡು ಅಂದೇ ನಿಲ್ಲುತ್ತಿತ್ತು, ಕಿವಿ ಉಳಿಯುತ್ತಿತ್ತೇನೋ. ಹೇಳದ್ದರಿಂದ ಕೆಲವು ವರ್ಷ ಹಾಡಿದರು, ಸುಖವಾಗಿ ಹಾಡಿದರು. ಯಾವುದು ದೊಡ್ಡದು? ನಮ್ಮ ಗುಡ್ಡದಲ್ಲಿ ಇದರ ಬಗ್ಗೆ ಎರಡು ಪಂಗಡಗಳೇ ಆದವು. ನಾನು ಎರಡರಲ್ಲೂ ಇದ್ದೆ.

ಅಕ್ಕೋರ ಕಿವಿಗೆ ಮಷಿನ್ ಬಂತು. "ಮಾತು ಕೇಳ್ತಾವವಾ, ಸ್ವರಾ ಕೇಳಂಗಿಲ್ಲ. ಎಲ್ಲಾ ತಗಡು ಬಡದಂಗ" ಅಂದರು. ಮತ್ತೆ ಹಾಡಲಿಲ್ಲ. ಯೋಗಕ್ಕೆ ಮಾತ್ರ ಬರುತ್ತಿದ್ದರು. ಕೊನೆಯ ಸಾಲಿನಲ್ಲಿ ನಿಂತು, ಮುಂದಿನವರು ಕೈ ಎತ್ತಿದಾಗ ಕೈ ಎತ್ತುತ್ತಿದ್ದರು, ಇಳಿಸಿದಾಗ ಇಳಿಸುತ್ತಿದ್ದರು. ಓಂಕಾರ ಹೇಳುವಾಗ ತುಟಿ ಮುಚ್ಚಿಕೊಂಡಿರುತ್ತಿದ್ದರು. ನಾವು ಎಷ್ಟು ಕೆಳಗಿಳಿದರೂ ಯಾರೂ ಕೇಳುವವರಿರಲಿಲ್ಲ. ನನಗೆ ಒಮ್ಮೊಮ್ಮೆ ಬೇಕೆಂದೇ ಅಪಸ್ವರದಲ್ಲಿ ಕಿರುಚಬೇಕು ಎನ್ನಿಸುತ್ತಿತ್ತು...

ಚಾಚಾ ಭಾನುವಾರ ತಪ್ಪಿಸಲಿಲ್ಲ. ಪೇಟಿ ಇಲ್ಲದ ಸ್ಕೂಟರಿನಲ್ಲಿ ಬರುತ್ತಿದ್ದರು. ಇಬ್ಬರೂ ಅಕ್ಕೋರ ವರಾಂಡದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಮೊಮ್ಮಗಳ ಸುದ್ದಿ, ಟೈರಿನ ರೇಟು, ರಾಯಾಪುರದ ಟ್ರಾಫಿಕ್ಕು. ಹಾಡಿನ ಮಾತು ಒಂದೂ ಇಲ್ಲ. ಒಂದು ಚಳಿಗಾಲ ಅಕ್ಕೋರಿಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿದವರು ಮರಳಲಿಲ್ಲ. ಅವರ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರು. ಅವರ ಕುಕ್ಕರ್ ಎರಡು ಸಲ ಕೂಗಿ ಸುಮ್ಮನಾಗುತ್ತದೆ.

ಗುಡ್ಡದ ಭಾನುವಾರಗಳು ನಿಂತಿಲ್ಲ. ಬೆಳಿಗ್ಗೆ ದೊಡ್ಡ ಸ್ಪೀಕರ್ ಇಟ್ಟು ಕುಣಿಯುವ ವ್ಯಾಯಾಮ ಬಂದಿದೆ, ಅದಕ್ಕೂ ನಾನು ಹೋಗುತ್ತೇನೆ. ಸಂಜೆಯ ಬೈಠಕ್ ಮಾತ್ರ ಆಗೊಮ್ಮೆ ಈಗೊಮ್ಮೆ. ಮೊನ್ನೆ ಮೊನ್ನೆ, ಅಕ್ಕೋರು ಹೋಗಿ ವರ್ಷ ತುಂಬಿತೆಂದು, ಎಲ್ಲರೂ ಒತ್ತಾಯ ಮಾಡಿದ್ದಕ್ಕೆ ಚಾಚಾ ಮತ್ತೆ ಪೇಟಿ ತಂದರು. ಈಗ ಅವರ ಕೈ ನಡುಗುತ್ತದೆ. ಅಕ್ಕೋರು ಹಾಡುತ್ತಿದ್ದ ಪದವನ್ನು ಪೇಟಿಯ ಮೇಲೆ ನುಡಿಸಿದರು. ಬೆರಳು ಒಂದು ಮನೆಗೆಂದು ಹೋಗಿ ಎರಡನ್ನು ಒತ್ತುತ್ತಿತ್ತು. ಅವರಿಗೆ ತಿಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಮುಗಿದಾಗ ಛಾವಣಿ ಗುಡುಗುವಂತೆ ಚಪ್ಪಾಳೆ ಬಿತ್ತು.

ನನ್ನ ಕೈಗಳು ಮಡಿಲಲ್ಲೇ ಇದ್ದವು. ಬೇಕೆಂದು ಮಾಡಿದ್ದಲ್ಲ, ಏಳಲಿಲ್ಲ. ಚಾಚಾ ಕಣ್ಣು ತೆರೆದು ಎಲ್ಲರ ಕೈಗಳನ್ನು ನೋಡುತ್ತ ಬಂದವರು ಕೊನೆಯ ಸಾಲಿನಲ್ಲಿ ನನ್ನ ಮಡಿಲ ಮೇಲೆ ಕಣ್ಣು ನಿಲ್ಲಿಸಿದರು.

ಚಹಾ ಕೊಡಲು ಹೋದಾಗ ನನ್ನ ಕೈಯಿಂದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಕ್ಕೋರ ಕಡೆ ಖರೇ ಕಲ್ತಾಕಿ ನೀ ಒಬ್ಬಾಕಿನ ನೋಡು ತಂಗಿ" ಅಂದರು. ಬೈದರೋ ಹರಸಿದರೋ ತಿಳಿಯಲಿಲ್ಲ. ನನಗೆ ಅಳು ಬಂತು.

ಹೋದ ಭಾನುವಾರ ಚಾಚಾ ಬಂದರು. ಮತ್ತೆ ನುಡಿಸಬೇಕೆಂದು ಎಲ್ಲರೂ ಕೇಳಿಕೊಂಡಿದ್ದರೂ ಸ್ಕೂಟರಿನ ಮುಂದೆ ಪೇಟಿ ಇರಲಿಲ್ಲ. ಅಂದಿನಿಂದ ನನ್ನ ಗಂಟಲು ಕಟ್ಟಿದೆ. ಅಕ್ಕೋರಿದ್ದಿದ್ದರೆ ಅಂದು ನನ್ನ ಕೈ ಏಳದೆ ಹೋದದ್ದು ಸರಿಯೋ ತಪ್ಪೋ ಎಂದು ಕೇಳಬಹುದಿತ್ತು. ಅವರು ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಏನಾದರೂ ಒಂದು ಹೇಳುತ್ತಿದ್ದರು.